ಬೆಳ್ಳಿ ಹಿಡಿಯ ಊರುಗೋಲು

ಮೂರನೆಯ ಸಲವೂ ಊರುಗೋಲು ಹೆಣದ ಕೈಯಿಂದ ಜಾರಿ ಗ್ರಾನೈಟ್ ನೆಲಕ್ಕೆ ಠಣ್ಣೆಂದು ಬಿದ್ದಾಗ, ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ನೋಡಿದರು. ವಿಜಯಕುಮಾರ್ ಹಲ್ಲು ಕಚ್ಚಿಕೊಂಡು ಬಗ್ಗಿ ಅದನ್ನೆತ್ತಿದ. ಬದುಕಿದ್ದಾಗಲೂ ಈ ಸೋದರಮಾವ ಹೀಗೇ. ಕೊಟ್ಟದ್ದನ್ನು ಹಿಡಿದ ಮನುಷ್ಯನೇ ಅಲ್ಲ.

ಮಾಜಿ ಸೈನಿಕ ಕೆಂಚವೀರಪ್ಪ ತೊಂಬತ್ತೊಂದನೆಯ ವಯಸ್ಸಿಗೆ ತೀರಿಕೊಂಡದ್ದು ಹರಿಹರದಲ್ಲಿ, ಹೊಳೆ ಹತ್ತಿರದ ಬಾಡಿಗೆ ಕೋಣೆಯಲ್ಲಿ, ತಾನೇ ಬಡಿದ ರೊಟ್ಟಿ ತಿಂದು, ತಾನೇ ತಟ್ಟೆ ತೊಳೆದು ಬೋರಲು ಹಾಕಿಟ್ಟು. ಎರಡು ಯುದ್ಧ ಮುಗಿಸಿ ಬಂದವನು, ಆಮೇಲೆ ಕಾರ್ಖಾನೆಯೊಂದರ ಗೇಟಿನಲ್ಲಿ ವರ್ಷಗಟ್ಟಲೆ ನಿಂತವನು. ಹೆಂಡತಿ ಸತ್ತಮೇಲೆ ‘ನಮ್ಮನ್ಯಾಗಿರು ಬಾ’ ಎಂದ ತಂಗಿಗೆ, ‘ನನ್ನ ಕೈ ಇನ್ನೂ ನನ್ನ ಮಾತು ಕೇಳ್ತಾವ’ ಎಂದಿದ್ದ. ಸೈಕಲ್ ತುಳಿದು ದಾವಣಗೆರೆಗೆ ಬಂದರೆ ಒಂದು ಲೋಟ ನೀರು ಕುಡಿದು, ಸೋಫಾಕ್ಕೆ ಬೆನ್ನು ತಾಗಿಸದೆ ಹೊರಟುಬಿಡುತ್ತಿದ್ದ. ಅವನಿದ್ದ ಓಣಿಗೆ ಪಾರ್ಟಿಯ ಟಿಕೆಟ್ ಹಂಚುವ ಸಾಹೇಬ್ರ ಕಾರು ನುಗ್ಗುವುದಿಲ್ಲವೆಂಬ ಒಂದೇ ಕಾರಣಕ್ಕೆ ವಿಜಯಕುಮಾರ್ ಹೆಣವನ್ನು ಎಸ್.ಎಸ್. ಬಡಾವಣೆಯ ತನ್ನ ಮನೆಗೆ ತರಿಸಿದ್ದ. ಈಗ ಅದೇ ಸೋಫಾ ಸರಿಸಿ, ಲಿಂಗಾಯತರ ಪದ್ಧತಿಯಂತೆ ಹಣೆತುಂಬ ವಿಭೂತಿ ಬಳಿದು, ಮುದುಕನನ್ನು ಗೋಡೆಗೆ ಬಿಗಿದು ನೆಟ್ಟಗೆ ಕೂರಿಸಲಾಗಿತ್ತು.

ಊರುಗೋಲು ಆಗಸ್ಟ್ ಹದಿನೈದರದ್ದು. ವಾರ್ಡಿನ ಟಿಕೆಟ್ ಕೇಳುವವನ ಮನೆಯಲ್ಲೇ ಒಬ್ಬ ವೀರಯೋಧ ಸಿಗುವುದು ಎಲ್ಲರಿಗೂ ಒದಗುವ ಭಾಗ್ಯವೇ? ವಿಜಯಕುಮಾರ್ ಸನ್ಮಾನ ಇಟ್ಟುಕೊಂಡ. ಸಾಹೇಬ್ರು ಸ್ವಹಸ್ತದಿಂದ ಬೆಳ್ಳಿ ಹಿಡಿಯ ಕೋಲು ಕೊಟ್ಟರು. ಮುದುಕ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಚಲೋ ಐತೆ. ಬೇಕಾದವ್ರಿಗೆ ಕೊಡ್ರಿ’ ಎಂದು ಕುರ್ಚಿಯ ಮೇಲಿಟ್ಟು, ವೇದಿಕೆ ಇಳಿದು, ಸೈಕಲ್ ಹತ್ತಿದ. ಕ್ಯಾಮೆರಾಕ್ಕೆ ಸಿಕ್ಕಿದ್ದು ಅವನ ಬೆನ್ನು. ಆದರೆ ಸತ್ತವನು ಸೈಕಲ್ ಹತ್ತಲಾರ. ಸಾಹೇಬ್ರು ಇನ್ನೇನು ಬರುವವರಿದ್ದರು. ಟಿಕೆಟ್ ಯಾರಿಗೆಂಬುದು ನಾಳೆ ತೀರ್ಮಾನ. ಅವರು ಕೊಟ್ಟ ಕೋಲು ವೀರಯೋಧನ ಕೈಯಲ್ಲಿ ಇರಲೇಬೇಕು.

“ಬಲಗೈಗೆ ಸರಿಯಾಗಿ ಸಿಗಿಸ್ರಿ ಅಣ್ಣಾ, ಫ್ರೇಮ್ ರೆಡಿ ಐತೆ,” ಎಂದ ಫೋಟೊದ ನಿಂಗರಾಜ್.

“ನಿಲ್ಲಂಗೇ ಇಲ್ಲಲೇ! ಏನಾಗೈತೆ ಇವತ್ತು ಈ ಕೈಗೆ?”

ಗೋಡೆ ಪಕ್ಕ ಕುಳಿತಿದ್ದ ವಿಜಯಕುಮಾರ್‌ನ ತಾಯಿ ಕೊಟ್ರವ್ವ ಬಾಯಿಗೊತ್ತಿದ್ದ ಸೆರಗು ತೆಗೆದಳು. “ಇವತ್ತಲ್ಲಪ್ಪಾ, ಎಪ್ಪತ್ತೊಂದನೇ ಇಸ್ವಿಯಾಗ ಆಗೈತೆ. ನಮ್ಮಣ್ಣನ ಬೆರಳು ಎಣಿಸಿ ನೋಡು.”

ವಿಜಯಕುಮಾರ್ ನೋಡಿದ. ಹೆಬ್ಬೆರಳು, ತೋರುಬೆರಳು ಇರಬೇಕಾದಲ್ಲಿ ನುಣ್ಣಗಿನ ಎರಡು ಮೊಟಕು ಗೆಣ್ಣು. ಗೊತ್ತಿಲ್ಲದ್ದೇನಲ್ಲ. ಸೆಲ್ಯೂಟ್ ಹೊಡೆಯುವ ಕೈ ಹೀಗಿದ್ದರೆ ಚೆಂದ ಕಾಣುವುದಿಲ್ಲವೆಂದು, ಸನ್ಮಾನದ ಫ್ಲೆಕ್ಸ್‌ನಲ್ಲಿ ಬೇರೆ ಯಾರದೋ ಐದು ಬೆರಳಿನ ಕೈಯನ್ನು ನಿಂಗರಾಜ್‌ನಿಂದ ಅಂಟಿಸಿದವನು ಅವನೇ. ಆ ಫ್ಲೆಕ್ಸ್ ಮಳೆಗಾಲ ಮುಗಿಯುವವರೆಗೂ ಕೆ.ಬಿ. ಬಡಾವಣೆಯಲ್ಲಿ ನಿಂತಿತ್ತು. ದಿನಾ ಅದರ ಕೆಳಗೆ ಹಾದು ಹಾದು, ಅಂಟಿಸಿದವನೇ ಅಂಟಿಸಿದ್ದನ್ನು ನಂಬಿಬಿಟ್ಟಿದ್ದ.

“ಎಡಗೈಗೆ ಕೊಟ್ರೆ ಹೆಂಗೆ?”

“ಎಡಗೈಯಾಗ ಲಿಂಗ ಐತೆ,” ಎಂದಳು ಕೊಟ್ರವ್ವ. “ಕೋಲಿಗೆ ಜಾಗ ಬೇಕು ಅಂತ ಅದನ್ನೂ ತೆಗೀತೀರೇನ್ರೋ?”

“ಯವ್ವಾ, ನೀ ಸುಮ್ನಿರು. ನಿಂಗರಾಜಾ, ಟೇಪ್ ಕೊಡಲೇ.”

ಪ್ಯಾಕಿಂಗ್ ಟೇಪ್ ಸುತ್ತಿ, ಅದು ಕಾಣದಂತೆ ಚೆಂಡುಹೂವಿನ ಸರ ಮುಚ್ಚುವಷ್ಟರಲ್ಲಿ ಸಾಹೇಬ್ರು ಒಳಗೆ ಬಂದರು. ಕೋಲು ನೋಡಿ ಅವರ ಮುಖ ಅರಳಿತು. “ಹೋ, ನಮ್ದೇ ಅಲ್ಲೇನು ಇದು?”

“ಆಮೇಲೆ ಇಸ್ಕೊಂಡು ಹೋದ್ರು ಸಾರ್. ಒಂದಿನಾನೂ ಕೈಬಿಟ್ಟವ್ರಲ್ಲ,” ಎಂದ ವಿಜಯಕುಮಾರ್. “ಮಲಗಿದ್ರೂ ಮಗ್ಗಲಾಗೇ ಇರ್ತಿತ್ತು.”

ಕೊಟ್ರವ್ವ ಜೋರಾಗಿ ಕೆಮ್ಮಿದಳು. ಭಾವುಕರಾದ ಸಾಹೇಬ್ರು, ನಿಂಗರಾಜ್ ಕೈ ತೋರಿಸಿದಲ್ಲಿ, ಹೆಣದ ಮಗ್ಗುಲ ಜಮಖಾನದ ಮೇಲೆ ಕುಳಿತೇಬಿಟ್ಟರು. ಕುಳಿತ ರಭಸಕ್ಕೆ ಟೇಪ್ ಕಿತ್ತು ಕೋಲು ಬಿತ್ತು. ವಿಜಯಕುಮಾರ್ ಎತ್ತಿ ಮತ್ತೆ ಕಟ್ಟೋಣವೆಂದರೆ ಸಾಹೇಬ್ರಿಗೆ ಪುರುಸೊತ್ತಿಲ್ಲ. ಅವರು ಏಳೋಣವೆಂದರೆ ಮಂಡಿ ಮಡಚಿಕೊಂಡು ಕೂತಿದೆ, ಬಿಚ್ಚುತ್ತಿಲ್ಲ. ಒಮ್ಮೆ ತಿಣುಕಿದರು. ಇನ್ನೊಮ್ಮೆ ತಿಣುಕಿದರು. ಜನರ ಎದುರು ಯಾರ ಕೈಯನ್ನಾದರೂ ಹಿಡಿಯುವುದೆಂದರೆ ಮರ್ಯಾದೆ ಪ್ರಶ್ನೆ.

ಕೊಟ್ರವ್ವ ಎದ್ದು ಬಂದು ಕೋಲನ್ನೆತ್ತಿ, ಬೆಳ್ಳಿ ಹಿಡಿಯನ್ನು ಅವರತ್ತ ಚಾಚಿದಳು. “ಹಿಡ್ಕಳ್ರಿ. ಅವತ್ತೇ ಹೇಳಿದ್ನಲ್ಲ ನಮ್ಮಣ್ಣ, ಬೇಕಾದವ್ರಿಗೆ ಕೊಡ್ರಿ ಅಂತ.”

ಸಾಹೇಬ್ರು ಹಿಡಿದರು. ಆ ಗಳಿಗೆಗೇ ನಿಂಗರಾಜ್‌ನ ಕ್ಯಾಮೆರಾ ಮಿಂಚಿತು. ಎದ್ದವರು ಯಾರ ಮುಖವನ್ನೂ ನೋಡದೆ ಕಾರು ಹತ್ತಿದರು. ಕೋಲೂ ಅವರ ಜೊತೆಗೇ ಹೋಯಿತು.

ಇದ್ದದ್ದು ಅದೊಂದೇ ಫೋಟೊ. ಸಂಜೆ, ಮಣ್ಣು ಮುಗಿಸಿ ಬಂದ ವಿಜಯಕುಮಾರ್ ವಿಧಿಯಿಲ್ಲದೆ ಅದನ್ನೇ ಪಾರ್ಟಿಯ ವಾಟ್ಸಾಪ್ ಗ್ರೂಪಿಗೆ ಹಾಕಿದ. ಅದರಲ್ಲಿ ಸಾಹೇಬ್ರು ಕೋಲಿನ ಮೇಲೆ ಕುಸಿದಿದ್ದಾರೆ. ಕಣ್ಣು ಮುಚ್ಚಿದೆ, ಬಾಯಿ ಜೋತಿದೆ, ಕೋಲಿಗಂಟಿದ ಟೇಪಿನೊಂದಿಗೆ ಎದ್ದುಬಂದ ಚೆಂಡುಹೂವಿನ ಸರ ಕೊರಳಿಗೆ ತೊಡರಿಕೊಂಡಿದೆ. ಪಕ್ಕದಲ್ಲಿ ಕೆಂಚವೀರಪ್ಪ ಗದ್ದ ಎತ್ತಿ, ಬೆನ್ನು ಸೆಟೆಸಿ, ಕಾವಲಿಗೆ ಕೂತವನ ಹಾಗೆ ಕೂತಿದ್ದಾನೆ.

ಮೊದಲ ಮೆಸೇಜು ವಿನೋಬನಗರದ ಗಿರೀಶನದ್ದು: “ಓಂ ಶಾಂತಿ. ಸಾಹೇಬ್ರು ಯಾವಾಗ ಹೋದ್ರಣ್ಣಾ? ಪಕ್ಕದಾಗ ಗಟ್ಟಿಮುಟ್ಟಾಗಿ ಕುಂತಾನಲ್ಲ, ಆ ಅಜ್ಜ ಯಾರು?”