ಬಿಳಿ ಕಾರಿಗೆ ನೀಲಿ ಬಣ್ಣ

ಷೆಡ್ಡಿನೊಳಗಿನ ಗುಂಯ್‌ ಸದ್ದು ನಿಂತಿತು. ಅವಳು ಒಳಗೆ ಹೋಗಿ ಕಾರಿನ ಮೂತಿಯನ್ನು ಸವರಿದಳು. ಬಲಗಡೆಯ ದೀಪದ ಕೆಳಗೆ ಅಂಗೈ ಅಗಲದ ತಗ್ಗು. ಅದರ ಮೇಲೆ ಹಸಿ ಬಣ್ಣ.

“ಮುಟ್ಟಬೇಡಿ ಮೇಷ್ಟ್ರೇ, ಇನ್ನೂ ಒಣಗಿಲ್ಲ,” ಎಂದ ಗಂಡ.

ಮದುವೆಯಾದ ಹೊಸತರಲ್ಲಿ ಅವನಿಗೆ ಕಾರು ಓಡಿಸಲು ಕಲಿಸಿದವಳು ಅವಳೇ. ಅಂದಿನಿಂದ ಅವಳು ಮೇಷ್ಟ್ರು. ಬೈಗುಳಕ್ಕೂ ಮುದ್ದಿಗೂ ಅದೇ ಹೆಸರು. ಈಗ ಅದರಲ್ಲಿ ನಗುವಿರಲಿಲ್ಲ.

ಗೋಡೆಗೊಂದು ಮೊಳೆ ಹೊಡೆಯಲು ಬೀದಿಯವರನ್ನೆಲ್ಲ ಕರೆಯುವ ಮನುಷ್ಯ, ಯಾರಿಗೂ ಹೇಳದೆ ಎಲೆಕ್ಟ್ರಿಕ್ ಸ್ಪ್ರೇ ಗನ್ ತಂದಿದ್ದ. ಸುತ್ತಲೂ ಹಳೆಯ ಹೊದಿಕೆ ಇಳಿಬಿಟ್ಟು, ಗಾಜಿಗೆಲ್ಲ ಪೇಪರು ಅಂಟಿಸಿದ್ದ. ಮೊದಲ ಸಲ ಬಣ್ಣ ಗಟ್ಟಿಯಾಗಿ ಗನ್ನು ಕೆಮ್ಮಿ ಕೆಮ್ಮಿ ಉಗುಳಿತು. ಉಜ್ಜಿ ತೆಗೆದ. ತಿನ್ನರ್ ಬೆರೆಸಿ, ತೆಳು ಬಟ್ಟೆಯಲ್ಲಿ ಸೋಸಿ, ಮತ್ತೆ ಹೊಡೆದ. ಇಂಥ ಹಟ ಅವನಲ್ಲಿ ಅವಳು ಕಂಡೇ ಇರಲಿಲ್ಲ.

“ಬಿಳಿಗೆ ಏನಾಗಿತ್ತು?”

“ಕೊಳೆ ಬೇಗ ಕಾಣುತ್ತೆ.”

“ಅದಕ್ಕೇ ಕಪ್ಪು ಹೊಡೀತಿದ್ದೀರಾ?”

ಅವನು ಗನ್ನು ಕೆಳಗಿಟ್ಟ. “ನೀಲಿ,” ಎಂದು ಮೆಲ್ಲಗೆ ಹೇಳಿ, ಅವಳ ಮೊಣಕೈ ಹಿಡಿದು ಹೊರಗೆ ಕಳಿಸಿದ.

ಅವಳು ಅಡುಗೆಮನೆಯಲ್ಲಿ ಕುಳಿತು ಲೆಕ್ಕ ಹಾಕಿದಳು. ಹೋದ ವಾರ ಮುಸ್ಸಂಜೆ ಬೀದಿಯ ತಿರುವಿನಲ್ಲಿ ಬಿಳಿ ಕಾರೊಂದು ಬ್ರೆಡ್ಡಿನವನ ಸೈಕಲ್ಲಿಗೆ ಗುದ್ದಿತ್ತು. ಕ್ಯಾರಿಯರಿನ ಮೇಲಿನ ತಗಡಿನ ಪೆಟ್ಟಿಗೆ ನುಜ್ಜುಗುಜ್ಜು. ಅವನ ಕಾಲು ಮುರಿದಿತ್ತು. ಆಮೇಲೆ ಯಾರೋ ಪುಣ್ಯಾತ್ಮರು ಅವನನ್ನು ಆಸ್ಪತ್ರೆಯ ಬಾಗಿಲಿಗೆ ಮುಟ್ಟಿಸಿ, ಹೆಸರು ಹೇಳದೆ ಹೋಗಿದ್ದರು. ದಿನವೂ ಪೆಟ್ಟಿಗೆಯ ತಳದಿಂದ ಬಿಸಿ ಬನ್ನು ಹುಡುಕಿ ಅವಳ ಕೈಗಿಡುತ್ತಿದ್ದ ಮನುಷ್ಯ ಅವನು.

ಆ ಸಂಜೆ ಅವಳು ಆಗಷ್ಟೇ ಕಾರು ನಿಲ್ಲಿಸಿ ಮನೆಗೆ ಬಂದು, ತಿರುವಿನ ಕಸದ ಡಬ್ಬಿಯ ಬಗ್ಗೆ ಗೊಣಗುತ್ತಿದ್ದಳು. ಅದು ಅವಳ ಹಳೆಯ ವೈರಿ, ಸದಾ ರಸ್ತೆಗೆ ಮೈಚಾಚಿ ನಿಂತಿರುತ್ತಿತ್ತು. ಗಂಡ ಎಂದಿನಂತೆ ನಗಲಿಲ್ಲ. ಟಾರ್ಚು ಹಿಡಿದು ಎದ್ದ. ಕಾರು ಹೊರಟ ಸದ್ದು ಕೇಳಿತು. ತಡವಾಗಿ ಬಂದಾಗ ಅವನ ಅಂಗಿಯ ತೋಳು ಒದ್ದೆಯಾಗಿತ್ತು. ಮರುದಿನದಿಂದ ಕಾರಿನ ಕೀಲಿ ಮೊಳೆಯಿಂದ ಅವನ ಜೇಬಿಗೆ ಹೋಯಿತು. ಪೆಟ್ರೋಲು ತುಟ್ಟಿ ಎಂದ.

ಗುದ್ದಿದ್ದು ಅವನೇ. ಆಸ್ಪತ್ರೆಗೆ ಒಯ್ದದ್ದೂ ಅವನೇ. ಹೇಳುವ ಎದೆಗಾರಿಕೆ ಮಾತ್ರ ಇಲ್ಲ.

ಅಷ್ಟರಲ್ಲಿ ಅವನು ಒಳಗೆ ಬಂದ. ಹೊಸ ಬಲ್ಬೊಂದನ್ನು ತಂದು ಅವಳ ಹೊಲಿಗೆ ಮೆಷಿನ್ನಿನ ಮೇಲೆ ಹಾಕಿದ. ಈಗಿನ ಬಲ್ಬುಗಳಿಗೆ ಬೆಳಕೇ ಇಲ್ಲವೆಂದು ಅವಳು ತಿಂಗಳುಗಟ್ಟಲೆ ದೂರುತ್ತಿದ್ದಳು. ಕೇಳದೆಯೇ ಸೂಜಿಗೆ ದಾರವನ್ನೂ ಪೋಣಿಸಿಟ್ಟ. ಇಂಥವನನ್ನು ಪೊಲೀಸರಿಗೆ ಒಪ್ಪಿಸುವುದು ಹೇಗೆ? ಒಪ್ಪಿಸದೆ, ಕಾಲು ಮುರಿದುಕೊಂಡವನ ಮುಖ ನೋಡುವುದಾದರೂ ಹೇಗೆ?

ಬೆಳಗ್ಗೆ, ದಾರ ತರುತ್ತೇನೆಂದು ಸುಳ್ಳು ಹೇಳಿ, ಆಸ್ಪತ್ರೆಗೆ ಹೋಗಲು ಬಸ್ ನಿಲ್ದಾಣಕ್ಕೆ ನಡೆದಳು. ಬಸ್ಸುಗಳ ಬೋರ್ಡು ಇರುವೆ ಸಾಲಿನಂತಿತ್ತು. ಯಾರೋ ಹೆಂಗಸು ತನ್ನ ಬಸ್ಸು ಬಿಟ್ಟುಕೊಟ್ಟು, ಸರಿಯಾದ ಬಸ್ಸು ಬರುವ ತನಕ ಕಾದು, ಹತ್ತಿಸಿ ಹೋದಳು.

ವಾರ್ಡಿನ ಬಾಗಿಲಲ್ಲಿ ಅವಳು ನಿಂತದ್ದೇ ತಡ, “ಇಲ್ಲಿದ್ದೀನಮ್ಮ, ಕಿಟಕಿ ಪಕ್ಕ. ಕೆಳಗೆ ಬಕೆಟ್ಟಿದೆ, ನೋಡ್ಕೊಂಡು ಬನ್ನಿ,” ಎಂದ ಬ್ರೆಡ್ಡಿನವನು. ಕಾಲು ಪ್ಲಾಸ್ಟರಿನಲ್ಲಿ ತೂಗುತ್ತಿತ್ತು. ಬೀದಿಯವರಿಗೆ ಬನ್ನು ತಂದುಕೊಡೋರು ಯಾರು ಎಂಬುದೇ ಅವನ ಚಿಂತೆಯಂತೆ. ಪೊಲೀಸರು ಬಂದು ಕೇಳಿದರಂತೆ. ಕತ್ತಲಾಗಿತ್ತು, ಯಾರನ್ನೂ ನೋಡಲಿಲ್ಲ ಅಂದೆ ಎಂದ.

ಅವಳಿಗೆ ತಡೆಯಲಾಗಲಿಲ್ಲ. “ನನಗೆ ಗೊತ್ತಪ್ಪ, ಯಾರು ಅಂತ. ಅದು ನಮ್ಮ ಕಾರು. ನಮ್ಮವರು ಅದಕ್ಕೆ ಬೇರೆ ಬಣ್ಣ ಹೊಡೀತಿದ್ದಾರೆ. ನಾನು ಇಲ್ಲಿಂದ ನೇರ ಸ್ಟೇಷನ್ನಿಗೆ ಹೋಗ್ತೀನಿ. ಅವರನ್ನ ಕ್ಷಮಿಸು ಅಂತ ಕೇಳೋಕೆ ಬಂದೆ.”

ಅವನು ಅವಳ ಬೆರಳಿಗೆ ಅಂಟಿದ್ದ ನೀಲಿಯನ್ನೇ ನೋಡಿದ.

“ನಿಮ್ಮವರು ಆಮೇಲೆ ಬಂದು ನನ್ನನ್ನ ಎತ್ತಿಕೊಂಡು ಹೋದ್ರಮ್ಮ,” ಎಂದ. “ನಂಗೆ ಉಸಿರು ಕಟ್ಟಿತ್ತು, ಕೂಗೋಕಾಗಲಿಲ್ಲ. ಗುದ್ದಿದವರು ಕಾರಿನ ಗಾಜು ಇಳಿಸಿ, ನನ್ನ ಮುಖಾನೇ ನೋಡಿ, ‘ಹಾಳಾದ ಕಸದ ಡಬ್ಬಿ, ಇವತ್ತೂ ರಸ್ತೆ ಮಧ್ಯ’ ಅಂತ ಗೊಣಗಿಕೊಂಡು ಹೋದ್ರು. ದಿನಾ ಬನ್ನು ಕೊಡೋನು ನಾನು, ಆ ದನಿ ನಂಗೆ ಗೊತ್ತಾಗಲ್ವಾ ಅಮ್ಮ?”