ತಂಗಿಯ ಮದ್ದು

ಜಲಜಳ ಕೈ ಮುಟ್ಟಿದ ಕೂಡಲೇ ಡಾಕ್ಟರ್ ಪ್ರಫುಲ್ಲಾಗೆ ಗೊತ್ತಾಯಿತು, ಮದ್ದು ನಿಂತಿದೆ. ಏಪ್ರಿಲ್ ಬಿಸಿಲಿಗೆ ಕೋಡಿಯ ಕಡಲದಂಡೆಯ ಹೊಯಿಗೆ ಕಾದು ಕಾಲಿಡಲು ಆಗುತ್ತಿರಲಿಲ್ಲ. ಹುಡುಗಿಯ ಕೈ ಮಾತ್ರ ತಣ್ಣಗಿತ್ತು. ಮುಖ ಮತ್ತೆ ಊದಿಕೊಂಡಿತ್ತು. ಹೋದ ಸಲ ಜಗಲಿಯಿಂದ ಓಡಿಬಂದು ತಮ್ಮ ಸೆರಗು ಹಿಡಿದುಕೊಂಡಿದ್ದವಳು ಈಗ ಗೋಡೆಗೊರಗಿ, ಕುಳಿತಲ್ಲೇ ತೂಕಡಿಸುತ್ತಿದ್ದಳು.

"ಸೀತು, ಗುಳ್ಗಿ ಕೊಡ್ತಾ ಇಲ್ಯಾ?"

ತಾಯಿ ಸೀತು ಅಂಗಳದಲ್ಲಿ ಮೀನಿನ ಬುಟ್ಟಿ ತೊಳೆಯುತ್ತಿದ್ದಳು. ಕೊಡುತ್ತಿದ್ದೇನೆ ಎಂದಳು, ತಲೆ ಎತ್ತದೆ. ಪ್ರಫುಲ್ಲಾ ಜಗಲಿಯಲ್ಲಿ ಕುಳಿತರು.

ಬೆಳೆಯದೆ ಉಳಿದ ಮಕ್ಕಳ ಬಗ್ಗೆ ಮೆಡಿಕಲ್ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದವರು ಅವರು. ಅಂಥ ಮಕ್ಕಳನ್ನು ಹುಡುಕಿಕೊಂಡು ತಮ್ಮ ಊರಾದ ಬ್ರಹ್ಮಾವರದಿಂದ ಬೈಂದೂರಿನವರೆಗೆ ಶಾಲೆ ಶಾಲೆ ಅಲೆದಿದ್ದರು. ಈ ಒಂದೇ ಮನೆಯಲ್ಲಿ ಇಬ್ಬರು ಸಿಕ್ಕಿದ್ದರು. ಹನ್ನೆರಡರ ಚಂದ್ರ, ಎಂಟರ ಜಲಜ. ನೋಡಿದರೆ ಇಬ್ಬರೂ ಇನ್ನೂ ಶಾಲೆ ಮೆಟ್ಟಿಲು ಹತ್ತದ ಮಕ್ಕಳಂತೆ. ನಾಗದೋಷ ಎಂದು ಊರವರು ಹೇಳಿದ್ದರು. ಒಂದೇ ಕಾಯಿಲೆ ಎಂದು ಪ್ರಫುಲ್ಲಾ ಕೂಡ ಮೊದಲು ಎಣಿಸಿದ್ದರು. ಕುಂದಾಪುರದಲ್ಲಿ ತೆಗೆಸಿದ ಎಲುಬಿನ ಎಕ್ಸ್‌ರೇಯೂ ರಕ್ತಪರೀಕ್ಷೆಯೂ ಬೇರೆಯದನ್ನೇ ಹೇಳಿದವು. ಹುಡುಗಿಯ ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಕೆಲಸ ಮಾಡುತ್ತಿರಲಿಲ್ಲ. ಅದು ಮಾಡದ ಕೆಲಸವನ್ನು ದಿನಕ್ಕೊಂದು ಗುಳಿಗೆ ಮಾಡಬಲ್ಲದು. ಹುಡುಗನದು ಹಾಗಲ್ಲ. ಅವನ ಎಲುಬಿನ ತುದಿಯ ಮೆತ್ತನೆ ಭಾಗವೇ ಹುಟ್ಟಿನಿಂದ ಸರಿಯಿರಲಿಲ್ಲ. ಅದಕ್ಕೆ ಎಲ್ಲಿಯೂ ಮದ್ದಿರಲಿಲ್ಲ. ಎರಡು ಮಾತನ್ನೂ ಅವರು ಇದೇ ಜಗಲಿಯಲ್ಲಿ ಕುಳಿತು ಹೇಳಿದ್ದರು. ಮೊದಲನೆಯದಕ್ಕೆ ಸೀತು ಕೈ ಮುಗಿದಿದ್ದಳು. ಎರಡನೆಯದಕ್ಕೆ ಎದ್ದು ಒಳಗೆ ಹೋಗಿದ್ದಳು.

ಗುಳಿಗೆ ಹಿಡಿಯಿತು. ಮಳೆಗಾಲ ಕಳೆಯುವಷ್ಟರಲ್ಲಿ ಜಲಜಳ ಮುಖದ ಬಾವು ಇಳಿದು, ತಾಯಿಯನ್ನು ಕೂಗಿ ಕರೆಯುವಷ್ಟು ಮಾತು ಬಂತು. ಬಿಟ್ಟ ವರ್ಷಗಳನ್ನೆಲ್ಲ ಒಟ್ಟಿಗೆ ಬೆಳೆಯಲು ಹೊರಟವಳಂತೆ ಬೆಳೆದಳು. ಮದ್ರಾಸಿನಲ್ಲಿ ನಡೆದ ವೈದ್ಯರ ಸಭೆಯೊಂದರಲ್ಲಿ ಪ್ರಫುಲ್ಲಾ ಅವಳ ಎಕ್ಸ್‌ರೇ ತೋರಿಸಿ ಮೆಚ್ಚುಗೆ ಪಡೆದಿದ್ದರು.

ಬುಟ್ಟಿ ತೊಳೆದು ಮುಗಿಯಿತು. ಸೀತು ಅದನ್ನು ಬೋರಲು ಹಾಕಿ, ಒದ್ದೆ ಕೈಯಲ್ಲೇ ನಿಂತಳು.

"ಮೊದ್ಲ್ ಅಣ್ಣನ್ ಹೆಗ್ಲಿಗ್ ಬಂದ್ಳ್, ಅಮ್ಮ. ಮತ್ತ್ ಕಿವಿಗ್ ಬಂದ್ಳ್. ಒಂದಿನ ಪ್ಯಾಟಿಯಲ್ ಯಾರೋ ಕೇಂಡ್ರ್, ಇಬ್ರಲ್ ದೊಡ್ದ್ ಯಾವ್ದ್ ಅಂದ್ಹೇಳಿ. ಅವತ್ತಿಂದ ಅಂವ ಶಾಲಿಗ್ ಹೋಯ್ಲಿಲ್ಲ. ಇವ್ಳ್ ಬೆಳ್ದಾಂಗೂ ಅಂವ ಸಣ್ಣ ಆತಾ ಹೋದಾಂಗ್ ಕಾಂತಿತ್. ಇಬ್ರೂ ಸಮ ಇರ್ಲಿ ಅಂದ್ಕಂಡ್ ನಿಲ್ಸ್‌ದೆ."

ಪ್ರಫುಲ್ಲಾಗೆ ಬಂದ ಸಿಟ್ಟು ತನ್ನ ಕಡೆಗೇ ತಿರುಗಿತು. ಬಂದಾಗಲೆಲ್ಲ ತಾನು ಈ ಮನೆಯಲ್ಲಿ ಮಾಡಿದ್ದೇನು? ಟೇಪು ಹಿಡಿದು ಎತ್ತರ ಅಳೆದದ್ದು, ಇಷ್ಟು ಬೆಳೆದಳು ಎಂದು ಹೇಳಿದ್ದು. ಗುಳಿಗೆ ಇನ್ನೇನು ಮಾಡುತ್ತದೆ ಎಂದು ಈ ಹೆಂಗಸಿಗೆ ತಾನಾಗಿ ಹೇಳಿರಲೇ ಇಲ್ಲ.

ಅವರು ಎದ್ದು ಸೀತುವಿನ ಹತ್ತಿರ ಹೋದರು. "ಈ ಮದ್ದ್ ಎತ್ರಕ್ಕ್ ಮಾತ್ರ ಅಲ್ಲ, ಸೀತು. ಬುದ್ಧಿಗೂ ಇದೇ. ನಿಲ್ಸಿರೆ ಬಂದ ಮಾತೂ ಹೋತ್ತ್. ನಿನ್ನನ್ನ್ ಅಬ್ಬಿ ಅಂದ್ ಕರೂಕೂ ಅವ್ಳಿಗ್ ಆಪುದಿಲ್ಲ."

ಸೀತು ಮಗಳ ಕಡೆ ನೋಡಿದಳು. ಈ ತಿಂಗಳಲ್ಲಿ ಅವಳು ಒಮ್ಮೆಯೂ ಕರೆದಿಲ್ಲ ಎಂದಳು, ತನಗೇ ಹೇಳಿಕೊಳ್ಳುವಂತೆ. ಹೋದದ್ದು ತಿರುಗಿ ಬರುತ್ತದೆಯೇ ಎಂದು ಕೇಳಿದಳು. ಸ್ವಲ್ಪ ಬಂದೀತು, ಎಲ್ಲ ಬರುತ್ತದೆಂದು ಹೇಳಲಾರೆ ಎಂದರು ಪ್ರಫುಲ್ಲಾ.

ಒಳಗಿದ್ದ ಚಂದ್ರನಿಗೆ ಎಲ್ಲ ಕೇಳಿಸಿತ್ತು. ಬಾಗಿದ ಕಾಲುಗಳ ಮೇಲೆ ಅತ್ತಿತ್ತ ವಾಲುತ್ತ ಅವನು ಹೊರಗೆ ಬಂದ. ಅಕ್ಕಿ ಮಡಕೆಯ ಹಿಂದೆ ತಾಯಿ ಅಡಗಿಸಿಟ್ಟಿದ್ದ ಬಾಟಲಿ ಅವನ ಕೈಯಲ್ಲಿತ್ತು. ತಂಗಿಯ ಮುಂದೆ ಕುಳಿತು, ಬಾಯಿ ತೆರೆಸಿ, ಗುಳಿಗೆ ಇಟ್ಟು, ಚೆಂಬಿನಿಂದ ನೀರು ಹನಿಸಿದ. ಅವಳು ನುಂಗುವ ತನಕ ಗಲ್ಲ ಹಿಡಿದುಕೊಂಡೇ ಇದ್ದ. ಯಾರ ಮುಖವನ್ನೂ ನೋಡಲಿಲ್ಲ.

ಅಂದಿನಿಂದ ಮದ್ದು ಕೊಡುವುದು ಅವನ ಕೆಲಸವಾಯಿತು. ಒಂದು ದಿನವೂ ತಪ್ಪಿಸಲಿಲ್ಲ ಎಂದು ಸೀತು ಆಮೇಲೆ ಹೇಳಿದಳು. ಶಾಲೆಗೆ ಮಾತ್ರ ಅವನು ಮತ್ತೆ ಹೋಗಲಿಲ್ಲ. ತೆಂಗಿನ ನೆರಳಿನಲ್ಲಿ ಬಲೆ ಹೆಣೆಯುತ್ತ ಕೂರುತ್ತಿದ್ದ.

ಮುಂದಿನ ವರ್ಷ ದೀಪಾವಳಿ ಕಳೆದು ಪ್ರಫುಲ್ಲಾ ಬಂದಾಗ ಜಲಜ ಅಣ್ಣನಿಗಿಂತ ಒಂದು ಗೇಣು ಎತ್ತರವಾಗಿದ್ದಳು. ಮುಖ ತಿಳಿಯಾಗಿತ್ತು. ಮಾತು ಮಾತ್ರ ತಡೆದು ತಡೆದು ಬರುತ್ತಿತ್ತು, ಕೇಳಿದ್ದಕ್ಕೆ ಉತ್ತರವಾಗಿ ಒಂದೋ ಎರಡೋ ಪದ. ಪ್ರಫುಲ್ಲಾ ಕಾಯುತ್ತಿದ್ದದ್ದು ಅದಕ್ಕಲ್ಲ. ಮಗು ತಾನಾಗಿ ಏನಾದರೂ ಕೇಳಬೇಕು. ಆಗ ಮದ್ದು ತಲೆಯವರೆಗೂ ಮುಟ್ಟಿದೆ ಎಂದು ನಂಬಬಹುದು.

ಅವಳನ್ನು ಅಳೆದಾಯಿತು. ಚಂದ್ರನನ್ನೂ ಗೋಡೆಗೆ ನಿಲ್ಲಿಸಿ ಅಳೆದರು. ಹೋದ ವರ್ಷ ಇದ್ದಷ್ಟೇ ಇದ್ದ. ಜಲಜ ಅದನ್ನು ನೋಡುತ್ತ ನಿಂತಿದ್ದಳು. ಆಮೇಲೆ ಡಾಕ್ಟರರ ಚೀಲವನ್ನು ತನ್ನ ಕಡೆಗೆ ಎಳೆದುಕೊಂಡಳು. ಅದರಲ್ಲಿ ತನಗೆಂದು ತಂದಿದ್ದ ಹೊಸ ಗುಳಿಗೆಯ ಬಾಟಲಿಯನ್ನು ಎತ್ತಿ ಪಕ್ಕಕ್ಕಿಟ್ಟಳು. ಒಳಗೆ ಕೈ ಹಾಕಿ ತಳದವರೆಗೆ ತಡಕಿದಳು. ಇನ್ನೇನೂ ಸಿಗದೆ ಪ್ರಫುಲ್ಲಾರ ಮುಖ ನೋಡಿ, ಒಂದೊಂದೇ ಪದವನ್ನು ಹೊರಗೆ ತಂದಳು.

"ಅಣ್ಣನ್ ಮದ್ದ್... ಎಲ್ಲಿತ್ತ್?"