ಒಂದು ದಿನ ಹಳೆಯ ಬಾಸುಂಡೆ

ಮೂರನೆಯ ಏಟಿಗೂ ಭುಜ ಕೆಂಪಾಯಿತೇ ಹೊರತು ನೀಲಿಯಾಗಲಿಲ್ಲ. ಡೇರೆಯ ಹಿಂದೆ ಒಬ್ಬಳೇ ನಿಂತಿದ್ದ ಬ್ಲಾಂಕಾ ಮರದ ಕತ್ತಿಯನ್ನು ಮತ್ತೆ ಎತ್ತಿ, ಹಲ್ಲು ಕಚ್ಚಿ, ತನ್ನ ಎಡಭುಜಕ್ಕೆ ತಾನೇ ಬಾರಿಸಿಕೊಂಡಳು. ಉಪಯೋಗವಿಲ್ಲ. ಅವಳಿಗೆ ಬೇಕಾಗಿದ್ದುದು ನಿನ್ನೆಯ ಗಾಯ, ಆಗುತ್ತಿದ್ದುದು ಇವತ್ತಿನದು.

ಊಟಕ್ಕೆ ಇನ್ನು ಅರ್ಧ ಗಂಟೆ. ಮೊರಾವಿಯಾ ಸೀಮೆಯ ಹಳೆಯ ಕೋಟೆಯೊಂದರ ಕೆಳಗೆ ಪ್ರತಿ ಬೇಸಿಗೆಯಲ್ಲೂ ಎರಡು ದಿನ ಡೇರೆ ಹಾಕಿ, ಆರುನೂರು ವರ್ಷ ಹಿಂದಿನ ಬಟ್ಟೆ ತೊಟ್ಟು, ಮೊಂಡು ಕತ್ತಿ ಹಿಡಿದು ಕಾದಾಡುವ ಅವರ ಗುಂಪಿನಲ್ಲಿ ಒಂದು ಪದ್ಧತಿಯಿತ್ತು. ಶನಿವಾರ ಸೋತವರು ಭಾನುವಾರದ ಊಟಕ್ಕೆ ಮುಂಚೆ ಎಲ್ಲರೆದುರು ತಮ್ಮ ಬಾಸುಂಡೆ ತೋರಿಸಬೇಕು. ಗೆದ್ದವರು ಅದರ ಮೇಲೆ ಪ್ಲಮ್ ಬ್ರಾಂದಿ ಹನಿಸಿ ತಿಕ್ಕಬೇಕು. ಅಲ್ಲಿಗೆ ಹಗೆ ಮುಗಿಯಿತು, ಹಸಿವು ಶುರು.

ಬ್ಲಾಂಕಾ ಸೋತಿದ್ದಳು. ಬಾಸುಂಡೆ ಇರಲಿಲ್ಲ.

ಈ ಕಾಳಗಕ್ಕೆ ತೀರ್ಪುಗಾರರಿಲ್ಲ. ಏಟು ತಿಂದವರೇ ಎಡಗೈ ಎತ್ತಿ ಒಪ್ಪಿಕೊಳ್ಳಬೇಕು. ತಿಂದೂ ಎತ್ತದವರನ್ನು ‘ಅಮರರು’ ಎಂದು ಹಂಗಿಸುತ್ತಿದ್ದರು. ನಲವತ್ತು ವರ್ಷದಲ್ಲಿ ಗುಂಪಿಗೆ ಕತ್ತಿವರಸೆ ಕಲಿಸುವ ವೆಂಡೆಲಿನ್ ಮೇಷ್ಟ್ರು ಅಂಥ ಏಳು ಅಮರರಿಗೆ ಗುಂಪಿನಿಂದ ಮೋಕ್ಷ ಕೊಟ್ಟಿದ್ದರು. ಏಟು ಬೀಳದೆಯೇ ಕೈ ಎತ್ತಿದವರಿಗೆ ಮಾತ್ರ ಹೆಸರೇ ಇರಲಿಲ್ಲ. ಎದುರಾಳಿಗೆ ಅಷ್ಟು ದೊಡ್ಡ ಅವಮಾನವನ್ನು ಯಾರೂ ಇನ್ನೂ ಮಾಡಿರಲಿಲ್ಲ.

ನಿನ್ನೆ ಬ್ಲಾಂಕಾ ಮಾಡಿದ್ದಳು. ಅದೂ ಮೇಷ್ಟ್ರಿಗೇ.

ಎಪ್ಪತ್ತೆರಡು ವರ್ಷದ ಅವರಿಗೆ ಅದು ಕೊನೆಯ ಕಾಳಗ. ಹೆಂಡತಿ ಲೀಬಾ ಮುಂದಿನ ಬೆಂಚಿನಲ್ಲಿ ಕೂತಿದ್ದರು. ಬ್ಲಾಂಕಾ ಬೀಸಿದ ಕತ್ತಿ ಮೇಷ್ಟ್ರ ಮೇಲುಹೊದಿಕೆಯ ಮಡಿಕೆಯಲ್ಲಿ ತೊಡರಿ ಹೊರಬಂತು. ಆ ಕ್ಷಣಕ್ಕೇ ಅವರ ಮಂಡಿ ಕುಸಿಯಿತು, ಉಸಿರು ಸಿಕ್ಕಿಕೊಂಡಿತು. ತಡವರಿಸುತ್ತಲೇ ಅವರು ತಿರುಗಿ ಬೀಸಿದ್ದು ಅವಳ ಭುಜದಿಂದ ಗೇಣು ದೂರದಲ್ಲಿ ಹಾದುಹೋಯಿತು. ಅವಳ ಎಡಗೈ ತಾನಾಗಿಯೇ ಮೇಲೆದ್ದಿತು. ಜನ ಕೂಗಿದರು. ಲೀಬಾ ಅತ್ತರು.

ಕೈ ಇಳಿಸುವ ಹೊತ್ತಿಗೇ ಬ್ಲಾಂಕಾಗೆ ನಾಚಿಕೆ ಹತ್ತಿತ್ತು. ಕತ್ತಿ ಹಿಡಿಯುವುದನ್ನು ಕಲಿಸಿದ ಕೈಗೆ ಅವಳು ಭಿಕ್ಷೆ ಹಾಕಿದ್ದಳು. ಗೊತ್ತಾದರೆ ಆ ಮನುಷ್ಯ ಉಳಿದ ಆಯುಷ್ಯವನ್ನೆಲ್ಲ ಅದನ್ನೇ ಮೆಲುಕು ಹಾಕುತ್ತಾ ಕಳೆಯಬೇಕು.

“ಯಾರನ್ನೇ ಚಚ್ಚುತಾ ಇದ್ದೀಯ ಅಲ್ಲಿ?”

ರಾದಿಮ್. ಗುಂಪಿನ ಅಡುಗೆಯವನು, ಅಣಕುದನಿಯವನು. ಬ್ಲಾಂಕಾ ತಟ್ಟನೆ ಅಂಗಿ ಎಳೆದುಕೊಂಡಳು.

“ಅಭ್ಯಾಸ.”

ರಾದಿಮ್ ಸೊಂಟದ ಮೇಲೆ ಕೈಯಿಟ್ಟು ಮೇಷ್ಟ್ರೇ ಆದ. “ಮಂಡಿ ಬಗ್ಗಿಸು ಅಂದ್ರೆ ಮಂಡೆ ಯಾಕೆ ಬಗ್ಗಿಸ್ತೀಯ, ಮಗೂ?” ನಕ್ಕು, ಅವಳ ಕೈಗೊಂದು ಬನ್ನು ತುರುಕಿದ. “ತಿನ್ನು. ಸೋತೋರಿಗೆ ಸಿಹಿ.”

ಅವನು ಹೋದ ಮೇಲೆ ಬನ್ನನ್ನು ಮುರಿದಳು. ಒಳಗೆ ಬ್ಲೂಬೆರಿ. ಕೈಗೆ ಹತ್ತಿದರೆ ಎರಡು ದಿನ ಬಿಡದ ಕಡುನೀಲಿ ಬಣ್ಣ. ಭುಜದ ಮೇಲೆ ಹಿಸುಕಿ, ಬೆರಳಿನಿಂದ ಅಂಚು ತಿದ್ದಿ, ಬಿಸಿಲಿಗೆ ಒಣಗಿಸಿದಳು. ಸಾಸಿವೆ ಗೊಜ್ಜಿನ ಬಟ್ಟಲೂ ಕಣ್ಣಿಗೆ ಬಿತ್ತು. ಆದರೆ ಹಳದಿ ವಾರ ಹಳೆಯ ಗಾಯದ ಬಣ್ಣ, ಬೇಡ. ಮೇಷ್ಟ್ರು ಹನಿಸುವುದು ನಾಲ್ಕೇ ಹನಿ. ತಡೆದೀತು.

ಮೇಜಿನ ಸುತ್ತ ಸೆಕೆಗೆ ಎಲ್ಲರೂ ತೆಳು ಅಂಗಿಯಲ್ಲಿದ್ದರು. ಮೇಷ್ಟ್ರು ಮಾತ್ರ ಕಾಳಗದ ದಪ್ಪ ಹತ್ತಿಯಂಗಿಯಲ್ಲೇ ಬೆವರುತ್ತಿದ್ದರು.

“ನಿನ್ನೆಯಿಂದ ಬಿಚ್ಚಿಲ್ಲ ಕಣ್ರೋ,” ಎಂದರು ಲೀಬಾ. “ಮದುವೆ ಕೋಟನ್ನೂ ಇಷ್ಟು ಹೊತ್ತು ಹಾಕಿರ್ಲಿಲ್ಲ ಈ ಯಪ್ಪ.”

ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. “ಈ ಸಲ ಬಾಸುಂಡೆ ಗೀಸುಂಡೆ ಬೇಡ. ಬಟಾಣಿ ಆರೋಗುತ್ತೆ.”

ಬ್ಲಾಂಕಾ ಭುಜದ ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡಳು. ಇವರಿಗೆ ಗೊತ್ತಾಗಿದೆ.

“ಬಟಾಣಿ ಕಾಯುತ್ತೆ ಮೇಷ್ಟ್ರೇ,” ಎಂದ ರಾದಿಮ್. “ನಿಮ್ಮ ಕೊನೇ ಏಟು. ನೋಡ್ದೆ ಬಿಡ್ತೀವಾ?”

ಬ್ಲಾಂಕಾ ಎದ್ದು ಭುಜದ ಬಟ್ಟೆ ಸರಿಸಿದಳು. ಯಾರೋ ಶಿಳ್ಳೆ ಹೊಡೆದರು. ಮೇಷ್ಟ್ರು ಹತ್ತಿರ ಬಂದು ನೋಡಿದರು. ತುಂಬ ಹೊತ್ತು ನೋಡಿದರು.

“ಇಲ್ಲಿ ಬಿತ್ತಾ?”

“ಇಲ್ಲೇ ಮೇಷ್ಟ್ರೇ. ಜೋರಾಗೇ ಬಿತ್ತು.”

ಅವಳ ಮುಖವನ್ನೇ ನೋಡುತ್ತಾ ಅವರು ಕುಪ್ಪಿ ಬಗ್ಗಿಸಿದರು. ನಾಲ್ಕು ಹನಿಯ ಬದಲು ಕಾಲು ಕುಪ್ಪಿ ಬ್ರಾಂದಿ ಸುರಿಯಿತು. ಬಾಸುಂಡೆ ಕರಗಿ, ಮೊಣಕೈಯವರೆಗೆ ಹರಿದು, ಬಿಳಿ ಮೇಜುಬಟ್ಟೆಯ ಮೇಲೆ ತೊಟ್ಟಿಕ್ಕಿತು. ಲೀಬಾ ಒಂದು ಹನಿಯನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದರು.

“ಬ್ಲೂಬೆರಿ,” ಎಂದರು.

ರಾದಿಮ್ ತನ್ನ ಬನ್ನಿನ ಬುಟ್ಟಿಯತ್ತ ತಿರುಗಿ ನೋಡಿದ.

“ನಿಮ್ಮ ಏಟು ತಾಗ್ಲಿಲ್ಲ ಮೇಷ್ಟ್ರೇ,” ಎಂದಳು ಬ್ಲಾಂಕಾ. ತಲೆ ಎತ್ತಲಾಗಲಿಲ್ಲ. “ನಿಮ್ಮ ಮಂಡಿ ಕುಸೀತು. ಅಮ್ಮಾವ್ರು ನೋಡ್ತಾ ಇದ್ರು. ವಯಸ್ಸಾಯ್ತು ಅಂತ ನಾನು... ಸುಮ್ನೆ ಕೈ ಎತ್ಬಿಟ್ಟೆ. ನನ್ನನ್ನ ಗುಂಪಿಂದ ತೆಗೆದುಬಿಡಿ.”

ಮೇಷ್ಟ್ರು ಕುಪ್ಪಿಯನ್ನು ಕೆಳಗಿಟ್ಟರು. ಹತ್ತಿಯಂಗಿಯ ದಾರಗಳನ್ನು ಒಂದೊಂದಾಗಿ ಬಿಚ್ಚಿದರು. ಎಡಪಕ್ಕೆಯ ಮೇಲೆ ಕತ್ತಿಯಗಲದ ಬಾಸುಂಡೆ. ಸರಿಯಾಗಿ ಒಂದು ದಿನ ಹಣ್ಣಾದ ನೇರಳೆ ಬಣ್ಣ.

“ಮಂಡಿ ಕುಸಿದದ್ದು ವಯಸ್ಸಿಗಲ್ಲ ಕಣಮ್ಮಾ, ನಿನ್ನ ಏಟಿಗೆ. ನಾನು ಕೈ ಎತ್ತಲಿಲ್ಲ.”